ಮೂರನೇ ಟ್ರಿಪ್ಪು

ತಿರುಮಲೇಶನಿಗೆ ಐವತ್ತಾರನೆಯ ವಯಸ್ಸಿನಲ್ಲಿ ಗಣಿತ ಅಂಟಿಕೊಂಡಿತು. ಆ ವಯಸ್ಸಿನಲ್ಲಿ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ಮೊಣಕಾಲು ನೋವು ಬರುತ್ತದೆ, ಪುಣ್ಯವಂತರಿಗೆ ವೈರಾಗ್ಯ ಬರುತ್ತದೆ. ಇವನಿಗೆ ಗಣಿತ ಬಂತು. ಅದೂ ಆಫೀಸಿನ ಖರ್ಚಿನಲ್ಲಿ.

ಚೆನ್ನೈನ ಗಿಂಡಿಯ ಒಂದು ವಿಮಾ ಕಚೇರಿಯಲ್ಲಿ ಅವನಿಗೆ ಕ್ಲೇಮು ಪರಿಶೀಲಿಸುವ ಕೆಲಸ. ಮನೆ ಮೈಲಾಪೂರಿನಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗುವುದು, ಸಂಜೆ ಬಸ್ಸಿನಲ್ಲಿ ನಿಂತುಕೊಂಡು ಬರುವುದು, ನಡುವಿನ ಹೊತ್ತಿನಲ್ಲಿ ಕೂತುಕೊಂಡೇ ದಣಿಯುವುದು, ಇದೇ ಅವನ ಜೀವನಕ್ರಮ. ಹೀಗಿರುವಾಗ ಮೇಲಿನವರಿಗೆ ಇದ್ದಕ್ಕಿದ್ದಂತೆ ಸಿಬ್ಬಂದಿಯ ಬುದ್ಧಿ ಹರಿತ ಮಾಡಬೇಕೆಂಬ ಹುಮ್ಮಸ್ಸು ಬಂದು, ನೇಹಾ ಎಂಬ ಚುರುಕಿನ ಹುಡುಗಿಯನ್ನು ತರಬೇತಿಗೆ ಕರೆಸಿದರು. ಆಕೆ ಬಿಳಿ ಹಲಗೆಯ ಮೇಲೆ ಎರಡು, ನಾಲ್ಕು, ಆರು ಎಂದು ಬರೆದು, ಎದುರಿಗೆ ಆಕಳಿಸುತ್ತಿದ್ದ ತಿರುಮಲೇಶನನ್ನೇ ಹಿಡಿದು, "ಮುಂದಿನದು ಯಾವುದು ಸಾರ್?" ಎಂದು ಕೇಳಿದಳು.

"ಎಂಟು."

"ಸೂಪರ್ ಸಾರ್!"

ಇಡೀ ನೌಕರಿಯಲ್ಲಿ ಯಾರೂ ಅವನಿಗೆ ಸೂಪರ್ ಅಂದಿರಲಿಲ್ಲ. ಊಟದ ಹೊತ್ತಿನವರೆಗೆ ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ. ಊಟಕ್ಕೆ ಆಫೀಸಿನವರು ಧಾರಾಳವಾಗಿ ಮೊಸರನ್ನ ಹಾಕಿಸಿದ್ದರು. ಅದರ ಪರಿಣಾಮವಾಗಿ ಮಧ್ಯಾಹ್ನದ ಪಾಠ ಅವನ ಪಾಲಿಗೆ ಇಲ್ಲವಾಯಿತು. ಕೈಯಲ್ಲಿ ಮೂರು ಅಂಕಿ ಇದ್ದ ಮಾತ್ರಕ್ಕೆ ನಿಯಮ ತಿಳಿಯಿತೆಂದು ಹಿಗ್ಗಬೇಡಿ, ಆರರ ಮುಂದೆ ಏಳೂ ಬರಬಹುದು, ಎಪ್ಪತ್ತೂ ಬರಬಹುದು, ನಿಮ್ಮ ಊಹೆಯನ್ನು ಮುರಿಯುವಂಥದ್ದನ್ನು ಮೊದಲು ಹುಡುಕಿ ಎಂದು ನೇಹಾ ಗಂಟಲು ಒಣಗುವವರೆಗೆ ಹೇಳಿದ್ದೆಲ್ಲ ಅವನ ಗೊರಕೆಯ ಮೇಲಿಂದ ಹಾದುಹೋಯಿತು. ಸಂಜೆ ಎಲ್ಲರಿಗೂ ಪ್ರಮಾಣಪತ್ರ ಕೊಟ್ಟರು. ವಿದ್ಯೆ ಅರ್ಧ, ಪತ್ರ ಪೂರ್ತಿ. ತಿರುಮಲೇಶ ಅದನ್ನು ಬಸ್ಸಿನಲ್ಲಿ ಮಡಿಕೆ ಬೀಳದಂತೆ ಎತ್ತಿ ಹಿಡಿದುಕೊಂಡು ಬಂದು ಹೆಂಡತಿ ಊರ್ಮಿಳಾಗೆ ತೋರಿಸಿದ.

"ಇದರಿಂದ ಏನಾಗ್ತದ?" ಎಂದಳು ಊರ್ಮಿಳಾ.

"ಜಗತ್ತಿನಾಗ ಎಲ್ಲಾದಕ್ಕೂ ಒಂದು ವರಸಿ ಇರ್ತದ. ಅದನ್ನ ಕಂಡುಹಿಡಿಯೋದು."

"ಹಂಗಾದ್ರ ಕುಕ್ಕರ್ ಯಾವಾಗ ಸೀಟಿ ಹೊಡೀತದ ಹೇಳ್ರಿ," ಎಂದು ಅವಳು ಅಡುಗೆಮನೆಗೆ ಹೋದಳು. ಹುಬ್ಬಳ್ಳಿ ಬಿಟ್ಟು ಚೆನ್ನೈಗೆ ಬಂದು ಅರ್ಧ ಆಯುಷ್ಯ ಕಳೆದರೂ ಗಂಡನನ್ನು ಅಳೆಯುವ ಅವಳ ಭಾಷೆ ಮಾತ್ರ ಬದಲಾಗಿರಲಿಲ್ಲ.

ಅವರಿದ್ದದ್ದು ಹಳೆಯ ಕಾಲದ ನಾಲ್ಕು ಮಹಡಿಯ ಕಟ್ಟಡ. ಇವರದು ಮೂರನೇ ಮಹಡಿ. ಎದುರು ಮನೆಯ ಮಾಲೀಕರು ಪುಣೆಯಲ್ಲಿದ್ದುದರಿಂದ ಅಲ್ಲಿಗೆ ಸದಾ ಬೀಗ. ಲಿಫ್ಟಿಗೂ ಕಟ್ಟಡದಷ್ಟೇ ವಯಸ್ಸು. ಪ್ರತಿ ಮಹಡಿಯಲ್ಲೂ ಕೈಯಿಂದ ಎಳೆದು ಮುಚ್ಚುವ ಕಬ್ಬಿಣದ ಜಾಲರಿ ಬಾಗಿಲು. ಲಿಫ್ಟಿನ ಸೂರೂ ಜಾಲರಿಯದೇ. ಒಳಗೆ ನಿಂತರೆ ಹೊರಗಿನ ಜನ, ಗೋಡೆ, ಜೇಡರ ಬಲೆ ಎಲ್ಲವೂ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ತಿರುಮಲೇಶ ಆಫೀಸಿಗೆ ಹೊರಟು, ಮೂರನೇ ಮಹಡಿಯ ಜಾಲರಿಗೆ ಒರಗಿ ಲಿಫ್ಟಿಗಾಗಿ ಕಾಯುತ್ತಿದ್ದ. ಕೆಳಗಿನಿಂದ ಗೊರಗೊರ ಎನ್ನುತ್ತಾ ಬರುತ್ತಿದ್ದ ಲಿಫ್ಟು ನಡುವೆ ಗಕ್ಕನೆ ನಿಂತಿತು. ಒಳಗಿದ್ದವರು ನಾಲ್ಕನೇ ಮಹಡಿಯ ವಿಷ್ಣುತೀರ್ಥರು. ರೈಲ್ವೆಯಿಂದ ನಿವೃತ್ತರಾದ ಅವರು ಕೈಯಲ್ಲಿ ಸೊಪ್ಪಿನ ಚೀಲ ಹಿಡಿದುಕೊಂಡು ಕೂಗಿದರು: "ಯಾರರೆ ಅದೀರೇನ್ರಿ? ನಾ ಸಿಕ್ಕೊಂಡೀನಿ! ಕೊತ್ತಂಬ್ರಿ ಬಾಡ್ತದ!"

ತಿರುಮಲೇಶ ದಡದಡ ಮೆಟ್ಟಿಲಿಳಿದು ವಾಚ್‌ಮನ್ ಏಳುಮಲೈಯ ಬಳಿ ಓಡಿದ. ಅವನು ಕೆಳಗೆ ಮುಟ್ಟುವಷ್ಟರಲ್ಲಿ ಲಿಫ್ಟು ತಾನಾಗಿಯೇ ಹೊರಟು ಮೇಲೆ ಹೋಗಿತ್ತು.

"ಬೆಳಗಿಂದ ಇದು ಎಷ್ಟನೇ ಸಲ ಮೇಲೆ ಹೋಗಿದ್ದು?" ಎಂದು ತಿರುಮಲೇಶ ತಮಿಳಿನಲ್ಲಿ ವಿಚಾರಿಸಿದ. ಸಾಮಾನ್ಯ ಮನುಷ್ಯನಿಗೆ ಇಂಥ ಪ್ರಶ್ನೆ ಹೊಳೆಯುವುದಿಲ್ಲ. ಅದಕ್ಕೆ ಪ್ರಮಾಣಪತ್ರ ಬೇಕು.

"ಮೂಣು ಸಾರ್. ಮೂರನೇ ಟ್ರಿಪ್ಪು," ಎಂದ ಏಳುಮಲೈ.

ಅದರ ಮರುದಿನ ತಿರುಮಲೇಶ ಸ್ವಲ್ಪ ತಡವಾಗಿ ಹೊರಟ. ಮತ್ತೆ ಜಾಲರಿ, ಮತ್ತೆ ಗಕ್ಕ್. ಈ ಸಲ ಒಳಗಿದ್ದವರು ಎರಡನೇ ಮಹಡಿಯ ಮಾಮಿ. ಅವರು ಕೂಗಲಿಲ್ಲ, ಗಟ್ಟಿಯಾಗಿ ಸಹಸ್ರನಾಮ ಶುರುಮಾಡಿದರು. ತಿರುಮಲೇಶ ಓಡಿ ಕೆಳಗೆ ಹೋದ, ಲಿಫ್ಟು ತಾನೇ ಹೊರಟಿತು. ಎಷ್ಟನೆಯದು? ಏಳುಮಲೈ ಬೆರಳು ಮಡಿಸಿ ನೋಡಿ ಆರು ಎಂದ.

ಮೂರು, ಆರು! ತಿರುಮಲೇಶನ ಮೈ ಜುಮ್ಮೆಂದಿತು. ಅಂದು ಬಸ್ಸಿನಲ್ಲಿ ನಿಂತದ್ದೂ ಅವನಿಗೆ ಗೊತ್ತಾಗಲಿಲ್ಲ. ಸಂಜೆ ಬಂದವನೇ ಅಸೋಸಿಯೇಷನ್ ಸೆಕ್ರೆಟರಿ ಕಲ್ಯಾಣಸುಂದರಂ ಅವರ ಮುಂದೆ ಘೋಷಿಸಿದ: "ಸಾರ್, ನಾಳೆ ಶನಿವಾರ ಒಂಬತ್ತನೇ ಟ್ರಿಪ್ಪಿಗೆ ಲಿಫ್ಟು ನಿಲ್ಲುತ್ತದೆ."

ಕಲ್ಯಾಣಸುಂದರಂ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು. ಯಾರು ಏನು ಹೇಳಿದರೂ ಮೊದಲು ನಂಬದಿರುವುದು ಅವರಿಗೆ ವೃತ್ತಿಯಿಂದ ಬಂದ ಗುಣ. "ಒಂಬತ್ತನೇದರಲ್ಲಿ ನಾನೇ ಹೋಗ್ತೇನೆ. ನೋಡೋಣ," ಎಂದರು.

ಶನಿವಾರ ತಿರುಮಲೇಶ ಮನೆಯಿಂದ ಕುರ್ಚಿ ತಂದು ಮೂರನೇ ಮಹಡಿಯ ಪಡಸಾಲೆಯಲ್ಲಿ ಹಾಕಿಕೊಂಡು, ಕಾಫಿ ಕುಡಿಯುತ್ತಾ ಕೂತ. ಕೆಳಗಿನಿಂದ ಏಳುಮಲೈ ಒಂದೊಂದೇ ಕೂಗುತ್ತಿದ್ದ. ಎಂಟರವರೆಗೆ ಲಿಫ್ಟು ಬೆಣ್ಣೆಯಂತೆ ಓಡಾಡಿತು. "ಒಂಬತ್ತು, ಸೆಕ್ರೆಟರಿ ಸಾರ್ ಬರ್ತಾರೆ!" ಎಂಬ ಕೂಗು ಬಂದದ್ದೇ ತಡ, ತಿರುಮಲೇಶ ಕುರ್ಚಿಯಿಂದೆದ್ದು ಓಡಿ, ಜಾಲರಿಯನ್ನು ಎರಡೂ ಕೈಯಿಂದ ಹಿಡಿದು ಕೆಳಗೆ ಬಗ್ಗಿ ನೋಡಿದ.

ಗಕ್ಕ್!

"ಸಾರ್, ಮಾಟಿಕ್ಕಿಚ್ಚು! ಸಿಕ್ಕಿಕೊಂಡಿತು!" ಎಂದು ಏಳುಮಲೈ ಕುಣಿದಾಡಿಬಿಟ್ಟ. ನಾಲ್ಕೂ ಮಹಡಿಯ ಮನೆಗಳ ಬಾಗಿಲು ತೆರೆದವು. ಅಭಿನಂದನೆ ಸ್ವೀಕರಿಸಲು ತಿರುಮಲೇಶ ಜಾಲರಿ ಬಿಟ್ಟು ಮೆಟ್ಟಿಲಿನತ್ತ ತಿರುಗಿದ; ಲಿಫ್ಟು ಹೊರಟಿತು. ಸೆಕ್ರೆಟರಿ ಹೊರಬಂದಾಗ ಅವರ ಮುಖದಲ್ಲಿ ಸಂಶಯದ ಹನಿಯೂ ಉಳಿದಿರಲಿಲ್ಲ, ಬೆವರಿನದು ಸಾಕಷ್ಟಿತ್ತು.

ಅಲ್ಲಿಂದ ಮುಂದೆ ಆ ಕಟ್ಟಡದಲ್ಲಿ ಮೂರರ ಆಳ್ವಿಕೆ ಶುರುವಾಯಿತು. ಮೂರು, ಆರು, ಒಂಬತ್ತು, ಹೀಗೆ ಪ್ರತಿ ಮೂರನೇ ಟ್ರಿಪ್ಪು ಬಂದಾಗ ಕೆಳಗೆ ನಿಂತವರಿಗೆಲ್ಲ ಅಪೂರ್ವವಾದ ಸೌಜನ್ಯ ಉಕ್ಕುತ್ತಿತ್ತು. "ನೀವು ಹೋಗಿ ಸಾರ್, ನನಗೇನೂ ಅವಸರವಿಲ್ಲ." "ಛೆ ಛೆ, ನೀವು ಹಿರಿಯರು, ನೀವು ಮೊದಲು." "ಮಾಮಿ ಹೋಗಲಿ, ಪಾಪ ಭಾರ ಹೊತ್ತಿದ್ದಾರೆ." "ನನಗೆ ಯಾಕೆ? ನನ್ನ ಮೇಲೆ ಏನು ಕೋಪ?" ಎಷ್ಟೋ ವರ್ಷದಿಂದ ಒಬ್ಬರನ್ನೊಬ್ಬರು ತಳ್ಳಿಕೊಂಡು ಲಿಫ್ಟಿಗೆ ನುಗ್ಗುತ್ತಿದ್ದವರು ಹೀಗೆ ದಾರಿ ಬಿಟ್ಟುಕೊಡುವುದನ್ನು ಕಂಡು ಕೊರಿಯರ್ ಕೊಡಲು ಬಂದವನೊಬ್ಬ, ಇಲ್ಲಿ ಯಾರೋ ತೀರಿಕೊಂಡಿದ್ದಾರೆಂದು ಭಾವಿಸಿ ಚಪ್ಪಲಿ ಬಿಟ್ಟು ನಿಂತ.

ಕೊನೆಗೆ ಮೂರನೇ ಟ್ರಿಪ್ಪನ್ನು ಖಾಲಿ ಕಳಿಸುವ ಪದ್ಧತಿ ಬಂತು. ಅದರ ಮೇಲೆ ತಕರಾರೆದ್ದು ತಾರಸಿಯ ಮೇಲೆ ಸಭೆ ಸೇರಿತು. ಖಾಲಿ ಹೋದದ್ದನ್ನು ಟ್ರಿಪ್ಪೆಂದು ಕರೆಯಲಾಗದು, ಆಳಿದ್ದರೆ ಮಾತ್ರ ಲೆಕ್ಕ ಎಂದರು ಸೆಕ್ರೆಟರಿ.

ವಿಷ್ಣುತೀರ್ಥರು ಎದ್ದು ನಿಂತು ಕನ್ನಡದಲ್ಲೇ ಗುಡುಗಿದರು: "ಖಾಲಿ ಹೋದದ್ದು ಲೆಕ್ಕಕ್ಕಿಲ್ಲಾ ಅಂದ್ರ ಮೂರನೇದು ಇನ್ನೂ ಬರಬೇಕಲ್ರಿ! ಎಷ್ಟು ಸಲ ಕಳಿಸಿದ್ರೂ ಅದು ಬರೋದು ಇದ್ದೇ ಇರ್ತದ! ಸಾಯೋತನಕಾ ಮುಂದಿನ ಟ್ರಿಪ್ಪು ಮೂರನೇದ!"

ತಿರುಮಲೇಶ ಅದನ್ನು ತಮಿಳಿಗೆ ಅನುವಾದಿಸಿದ. ಸಭೆಯಲ್ಲಿ ಭಯದ ಗುಜುಗುಜು ಎದ್ದಿತು. ಬಹಳ ಹೊತ್ತಿನ ಮೇಲೆ ಎರಡನೇ ಮಹಡಿಯ ಮಾಮಿ ದಾರಿ ತೋರಿಸಿದರು: ಒಂದು ತೆಂಗಿನಕಾಯಿಗೆ ಅರಿಶಿನ ಕುಂಕುಮ ಹಚ್ಚಿ ಲಿಫ್ಟಿನಲ್ಲಿಟ್ಟು ಕಳಿಸಿದರೆ ಆಳು ಹೋದ ಹಾಗೆಯೇ. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಅಂದಿನಿಂದ ತೆಂಗಿನಕಾಯಿ ದಿನವೂ ಗಂಭೀರವಾಗಿ ನಾಲ್ಕನೇ ಮಹಡಿಗೆ ಹೋಗಿಬರತೊಡಗಿತು. ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ಇದರಿಂದ ತೆಂಗಿನಕಾಯಿಯ ಮಹಿಮೆಯೂ ಗಣಿತದ ಮಹಿಮೆಯೂ ಒಟ್ಟಿಗೇ ಹೆಚ್ಚಿದವು.

ನಡುವೆ ಒಂದು ಬೆಳಿಗ್ಗೆ ಐದನೇ ಟ್ರಿಪ್ಪು ನಿಂತುಬಿಟ್ಟಿತು. ತಿರುಮಲೇಶ ಧೃತಿಗೆಡಲಿಲ್ಲ. ಏಳುಮಲೈ ಚಹಾಕ್ಕೆ ಹೋದಾಗ ಒಂದು ಟ್ರಿಪ್ಪು ಎಣಿಕೆಗೆ ತಪ್ಪಿದೆ, ನಿಜವಾಗಿ ಇದು ಆರು ಎಂದು ತೀರ್ಪು ಕೊಟ್ಟ. ಎಲ್ಲರೂ ತಲೆದೂಗಿದರು. ಏಳುಮಲೈಗೆ ಚಹಾ ನಿಂತಿತು.

ಆದರೆ ಕೀರ್ತಿ ಬಹಳ ದಣಿಸುವ ವಸ್ತು. ಬಸ್ಸಿನಲ್ಲಿ ಜಜ್ಜಿಹೋಗಿ ಮನೆಗೆ ಬಂದರೆ ಬಾಗಿಲಲ್ಲಿ ಜನ. ಮೋಟಾರಿನ ನೀರು ಯಾವ ದಿನ ನಿಲ್ಲುತ್ತದೆ, ಮುನಿದ ಅಳಿಯ ಮತ್ತೆ ಯಾವ ತಿಂಗಳು ಮಾತಾಡುತ್ತಾನೆ, ಕರೆಂಟು ಮತ್ತೆ ಯಾವಾಗ ಹೋಗುತ್ತದೆ. ತಿರುಮಲೇಶ ಷೂ ಬಿಚ್ಚದೆ ನಿಂತಲ್ಲೇ ಉತ್ತರ ಕೊಡಬೇಕು. "ನಿಮ್ಮ ಗಣಿತಾ ಹೊರಗ ಬಿಟ್ಟು ಒಳಗ ಬರ್ರಿ," ಎಂದು ಊರ್ಮಿಳಾ ಕೂಗುವವರೆಗೂ ಬಿಡುಗಡೆಯಿಲ್ಲ.

ಇಂಥ ಸಮಯದಲ್ಲಿ ಹುಬ್ಬಳ್ಳಿಯಿಂದ ಗೋದಾಬಾಯಿ ಬರುತ್ತೇನೆಂದು ಫೋನು ಮಾಡಿದಳು.

ಗೋದಾಬಾಯಿ ತಿರುಮಲೇಶನ ಅಕ್ಕ. ತಾಯಿ ಹೋದ ಮೇಲೆ ಇವನಿಗೆ ಉಣಿಸಿ, ಹೊಡೆದು, ಓದಿಸಿದವಳು. ಕೆಲವು ವರ್ಷದ ಕೆಳಗೆ ಇದೇ ಮನೆಯ ಗೃಹಪ್ರವೇಶದಲ್ಲಿ ಎಲೆ ಸಾಲದೆ ಹೋಗಿ, ಗಡಿಬಿಡಿಯಲ್ಲಿದ್ದ ತಿರುಮಲೇಶ, "ಅಕ್ಕಾ, ನೀ ಮುಂದಿನ ಪಂಕ್ತಿಗೆ ಕೂಡು," ಎಂದುಬಿಟ್ಟಿದ್ದ. ಹಿರಿಯ ಮಗಳು, ತಾಯಿಯ ಸ್ಥಾನದವಳು, ಮುಂದಿನ ಪಂಕ್ತಿಗೆ! ಅವಳು ಅಂದೇ ಊಟ ಮಾಡದೆ ಹೊರಟುಹೋದವಳು ಮತ್ತೆ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಈ ವರ್ಷ ಊರ್ಮಿಳಾ ಗುಟ್ಟಾಗಿ ಫೋನು ಮಾಡಿ ಮಾಡಿ ಒಪ್ಪಿಸಿದ್ದಳು. "ಸ್ಟೇಷನ್ನಿಗೆ ಬರೋದು ಬ್ಯಾಡ, ನನಗ ದಾರಿ ಗೊತ್ತದ," ಎಂದಿದ್ದಳು ಗೋದಾಬಾಯಿ, ಸಿಟ್ಟು ಪೂರ್ತಿ ಇಳಿದಿಲ್ಲವೆಂದು ತಿಳಿಸಲು.

ತಾನು ಕೆಳಗೆ ಹೋಗಿ ಕಾದು, ಒಳ್ಳೆಯ ಟ್ರಿಪ್ಪು ನೋಡಿ ಅಕ್ಕನನ್ನು ಕರೆತರಬೇಕೆಂಬುದು ತಿರುಮಲೇಶನ ಯೋಜನೆ. ಆದರೆ ರೈಲು ಅಂದು ಹೊತ್ತಿಗೆ ಮೊದಲೇ ಬಂದುಬಿಟ್ಟಿತು. ಅದನ್ನು ಊಹಿಸುವ ಗಣಿತ ಇನ್ನೂ ಹುಟ್ಟಿಲ್ಲ. ಅವನು ಮುಖಕ್ಕೆ ಸೋಪು ಹಚ್ಚಿಕೊಂಡಿರುವಾಗ ಗೋದಾಬಾಯಿ ಆಟೋದಿಂದಿಳಿದು, ನೋಯುವ ಮೊಣಕಾಲು ಎಳೆದುಕೊಂಡು ಲಿಫ್ಟಿನ ಮುಂದೆ ನಿಂತಿದ್ದಳು.

ಏಳುಮಲೈ ಎರಡೂ ಕೈ ಅಡ್ಡ ಹಿಡಿದು, "ವೇಂಡಾಂಮ್ಮಾ, ವೇಂಡಾಂ," ಎಂದು ತಲೆಯಾಡಿಸಿದ. ಬೇಡ ಎಂಬುದಂತೂ ಗೋದಾಬಾಯಿಗೆ ತಿಳಿಯಿತು, ಯಾಕೆಂದು ತಿಳಿಯಲಿಲ್ಲ. ತಿರುಮಲೇಶನ ಅಕ್ಕ ಬರುವ ಸುದ್ದಿ ಮೊದಲೇ ಕೇಳಿದ್ದ ವಿಷ್ಣುತೀರ್ಥರು ಅಲ್ಲೇ ಇದ್ದರು; ಊರಿನವರು ಸಿಕ್ಕ ಸಂತೋಷದಲ್ಲಿ ಮುಂದೆ ಬಂದು ಕೆಲಸ ಪೂರ್ತಿ ಕೆಡಿಸಿದರು.

"ಅಕ್ಕಾರ, ಇದರಾಗ ಹೋಗಬ್ಯಾಡ್ರಿ. ಮುಂದಿನ ಟ್ರಿಪ್ಪಿಗೆ ಹೋಗೀರಂತ."

"ಮುಂದಿನದಕ್ಕ?" ಗೋದಾಬಾಯಿಯ ಧ್ವನಿ ಇಳಿಯಿತು. ಆ ಧ್ವನಿ ಇಳಿದರೆ ಏನೆಂಬುದು ವಿಷ್ಣುತೀರ್ಥರಿಗೆ ಗೊತ್ತಿರಲಿಲ್ಲ. "ಯಾರು ಮಾಡಿದ ಕಾನೂನು ಇದು?"

"ಮತ್ಯಾರು, ನಿಮ್ಮ ತಿರುಮಲೇಶ! ಭಾಳ ಶಾಣ್ಯಾ!"

"ಒಳಗೊಂದು ತೆಂಗಿನಕಾಯಿ ಅದಲ್ಲಾ? ಅದು ಹೋಗಬಹುದೇನು?"

"ಅದು ಹೋಗ್ತದ್ರಿ. ಅದಕ್ಕ ಅಡ್ಡಿ ಇಲ್ಲ."

ಗೋದಾಬಾಯಿ ಏಳುಮಲೈಯನ್ನು ಚೀಲದಿಂದ ಪಕ್ಕಕ್ಕೆ ಸರಿಸಿ, ಲಿಫ್ಟಿನೊಳಗೆ ಹೊಕ್ಕು, ಜಾಲರಿಯನ್ನು ಇಡೀ ಕಟ್ಟಡ ನಡುಗುವಂತೆ ಎಳೆದು ಮುಚ್ಚಿ, ಮೂರರ ಗುಂಡಿ ಅದುಮಿ ಹಿಡಿದಳು. "ಐಯೋ, ಪಾಟಿ! ಅಜ್ಜಿ ಮೂರನೇದರಲ್ಲಿ ಹೊರಟರು!" ಎಂಬ ಹಾಹಾಕಾರ ಮಹಡಿಯಿಂದ ಮಹಡಿಗೆ ಏರಿತು.

ತಿರುಮಲೇಶ ಸೋಪಿನ ಮುಖದಲ್ಲೇ ಹೊರಗೆ ಓಡಿ ಬಂದು ಜಾಲರಿ ಹಿಡಿದು ಕೆಳಗೆ ಬಗ್ಗಿದ. ಗಕ್ಕ್! ಎರಡನೇ ಮಹಡಿ ದಾಟಿ, ಅಕ್ಕನ ಬಿಳಿತಲೆ ಕಾಣುವಷ್ಟರಲ್ಲಿ ಲಿಫ್ಟು ನಿಂತಿತು.

"ನಿಲ್ಲಿಸಿಬಿಟ್ಟ್ಯಲ್ಲೋ!" ಕೆಳಗಿನಿಂದ ಧ್ವನಿ ಬಂತು. "ಆವತ್ತ ಮುಂದಿನ ಪಂಕ್ತಿ, ಇವತ್ತ ಮುಂದಿನ ಟ್ರಿಪ್ಪು! ನಾ ಬರಬಾರ್ದು ಅಂತ ಲಿಫ್ಟಿಗೇ ಶಾಸ್ತ್ರಾ ಹಚ್ಚಿಟ್ಟೀಯೇನೋ? ನನಗಿಂತಾ ಒಂದು ತೆಂಗಿನಕಾಯಿ ಹೆಚ್ಚಾತೇನೋ ನಿನಗ?"

"ಹಂಗಲ್ಲ ಅಕ್ಕಾ! ಅದು ಮೂರರ ವರಸಿ! ಎರಡು, ನಾಲ್ಕು, ಆರು ಇದ್ದಂಗ..."

"ನಿನಗ ಮಗ್ಗಿ ಕಲಿಸಿದಾಕಿ ನಾ! ನನಗ ಹೇಳ್ತೀಯೇನು?"

ಮೆಟ್ಟಿಲ ತುಂಬ ಜನ ಸೇರಿದರು. ಸೆಕ್ರೆಟರಿ ಮೆಕ್ಯಾನಿಕ್ಕಿಗೆ ಫೋನು ಹಚ್ಚಿದರು. ಅದು ಎತ್ತುವವರಿಲ್ಲದೆ ಹಾಡುತ್ತಲೇ ಇತ್ತು. ಮಾಮಿ ಸಹಸ್ರನಾಮ ಎತ್ತಿಕೊಂಡರು. ತಿರುಮಲೇಶನ ಕಣ್ಣಿಗೆ ಸೋಪು ಇಳಿಯುತ್ತಿತ್ತು. ಅವನು ಜಾಲರಿಯನ್ನು ಮತ್ತಷ್ಟು ಬಿಗಿಯಾಗಿ ಹಿಡಿದು ಇನ್ನೂ ಬಗ್ಗಿದ.

"ಏ, ಆ ಬಾಗಲಾ ಬಿಡೋ!" ಗೋದಾಬಾಯಿ ಕಿರಿಚಿದಳು. ಸಿಟ್ಟಿನ ನಡುವೆಯೂ ಅವಳಿಗೆ ತಮ್ಮ ಬೀಳುತ್ತಾನೆಂಬ ಹೆದರಿಕೆ. "ಹಳೀ ಬಾಗಲಾ! ಕಿತ್ತು ಬಂದ್ರ ನೇರ ನನ್ನ ತಲೀ ಮ್ಯಾಲ ಬೀಳ್ತಿ!"

ಅಕ್ಕ ಗದರಿದರೆ ಮಾಡುತ್ತಿದ್ದುದನ್ನು ಬಿಡುವುದು ಅವನಿಗೆ ಎಳವೆಯಿಂದ ಬಂದ ರೂಢಿ. ಜಾಲರಿ ಬಿಟ್ಟ. ಗೊರ್ ಎಂದು ಲಿಫ್ಟು ಒಂದು ಗೇಣು ಮೇಲೆ ಬಂತು.

"ಬಂತು! ಅಕ್ಕಾ, ಬಂತು!" ಎಂದು ಸಂಭ್ರಮದಿಂದ ಮತ್ತೆ ಜಾಲರಿ ಹಿಡಿದ. ಗಕ್ಕ್.

ಗಾಬರಿಯಾಗಿ ಬಿಟ್ಟ. ಗೊರ್. ಹಿಡಿದ. ಗಕ್ಕ್. ಗೋದಾಬಾಯಿ ಒಳಗೆ ಚಕ್ಕಡಿಯಲ್ಲಿ ಕೂತವಳಂತೆ ಮುಗ್ಗರಿಸುತ್ತಾ ಗೇಣು ಗೇಣಾಗಿ ಮೇಲೇರಿದಳು. ತಿರುಮಲೇಶ ಬಾಯಿ ತೆರೆದು ಒಮ್ಮೆ ತನ್ನ ಕೈಯನ್ನೂ ಒಮ್ಮೆ ಅಕ್ಕನ ತಲೆಯನ್ನೂ ನೋಡುತ್ತಿದ್ದ. ಊರ್ಮಿಳಾ ಸದ್ದಿಲ್ಲದೆ ಬಂದು, ಜಾಲರಿಯಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತನ್ನ ಸೆರಗಿನಿಂದ ಅವನ ಕಣ್ಣು ಒರೆಸಿದಳು. ಲಿಫ್ಟು ಬಂದು ಮೂರನೇ ಮಹಡಿಯಲ್ಲಿ ನಿಂತಿತು.

ಗೋದಾಬಾಯಿ ಹೊರಗೆ ಬಂದಳು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕಟ್ಟಡದ ತೆಂಗಿನಕಾಯಿ. ತಿರುಮಲೇಶನಿಗೆ ಒಂದೊಂದೇ ನೆನಪಾಗುತ್ತಿತ್ತು. ಕೊತ್ತಂಬರಿ ಬಾಡಿದ ದಿನ ತಾನಿಲ್ಲಿ ಒರಗಿದ್ದ. ಮಾಮಿಯ ದಿನವೂ. ಸೆಕ್ರೆಟರಿಯ ದಿನ ಎರಡೂ ಕೈಯಿಂದ ಹಿಡಿದಿದ್ದ. ಐದನೇ ಟ್ರಿಪ್ಪಿನ ದಿನವೂ ಇಲ್ಲೇ. ಈ ಜಾಲರಿ ಸಡಿಲಾಗಿತ್ತು. ಮೈಭಾರ ಬಿದ್ದಾಗಲೆಲ್ಲ ಬಾಗಿಲು ತೆರೆದಂತಾಗಿ ಲಿಫ್ಟು ನಿಲ್ಲುತ್ತಿತ್ತು. ಮೂರೂ ಇಲ್ಲ, ಆರೂ ಇಲ್ಲ. ಬೆಳಗಾಗೆದ್ದು ನೆಟ್ಟಗೆ ನಿಲ್ಲಲಾರದಷ್ಟು ದಣಿದ ಒಬ್ಬ ಮನುಷ್ಯ, ಅಷ್ಟೇ.

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. "ಎಲ್ಲಾ ನಂದ ಅಕ್ಕಾ. ಪಂಕ್ತೀನೂ ನಂದ ತಪ್ಪು, ಲಿಫ್ಟೂ ನಂದ ತಪ್ಪು. ನನಗ ಸಾಕಾಗ್ಯದ."

ಗೋದಾಬಾಯಿ ಬೈಯಲೆಂದೇ ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದಳು. ಸೋಪು ಒಣಗಿದ ಆ ಮುಖ, ನೆರೆತ ಗಡ್ಡ, ಬನಿಯನ್ನಿನೊಳಗಿನ ಎದೆಗೂಡು ನೋಡಿದ ಮೇಲೆ ಅದರಲ್ಲಿ ಒಂದೂ ನೆನಪಾಗಲಿಲ್ಲ.

"ಎಷ್ಟು ಸೊರಗೀಯೋ," ಎಂದಳು. ಆಮೇಲೆ ತೆಂಗಿನಕಾಯಿಯನ್ನು ಊರ್ಮಿಳಾಳ ಕೈಗೆ ಕೊಟ್ಟಳು. "ಇದನ್ನ ಒಡದು ಚಟ್ನಿ ಮಾಡು. ಎಲಿ ಹಾಕು. ಮೊದಲನೇ ಪಂಕ್ತಿ ನಂದು. ಇವನೂ ನನ್ನ ಬಾಜೂಕ ಕೂಡ್ಲಿ."

ಅಂದು ಮಧ್ಯಾಹ್ನ ಅಕ್ಕ ತಮ್ಮ ಒಟ್ಟಿಗೆ ಉಂಡರು. ಅಕ್ಕ ಎರಡು ಸಲ ಅವನ ಎಲೆಗೆ ತನ್ನ ಪಾಲಿನ ತುಪ್ಪ ಬಡಿಸಿದಳು. ಅವನು ಎರಡು ಸಲವೂ ಬೇಡವೆನ್ನಲಿಲ್ಲ.

ಸಂಜೆ ತಿರುಮಲೇಶ ಧೈರ್ಯ ಮಾಡಿ ಸೆಕ್ರೆಟರಿಯ ಮನೆಗೆ ಹೋಗಿ ನಡೆದದ್ದೆಲ್ಲ ಹೇಳಿ, ಮೂರರ ನಿಯಮ ಸುಳ್ಳು, ತಪ್ಪು ತನ್ನದು ಎಂದು ಕೈಮುಗಿದ. ಕಲ್ಯಾಣಸುಂದರಂ ಅವನನ್ನು ಬಹಳ ಹೊತ್ತು ಪ್ರೀತಿಯಿಂದ ನೋಡಿದರು.

"ಸಾರ್, ನಮ್ಮ ಭಯ ಹೋಗಲಿ ಅಂತ ನೀವು ಅಪವಾದ ತಲೆ ಮೇಲೆ ಹಾಕ್ಕೊಳ್ತಿದ್ದೀರಿ. ದೊಡ್ಡ ಮನಸ್ಸು."

"ಇಲ್ಲ ಸಾರ್, ನಿಜವಾಗಿ ನಾನು ಒರಗಿದ್ದೆ..."

"ನೀವು ಯಾಕೆ ಸರಿಯಾಗಿ ಮೂರು, ಆರು, ಒಂಬತ್ತನೇ ಟ್ರಿಪ್ಪಿಗೇ ಒರಗಿದ್ರಿ? ಅದಕ್ಕೇನು ಕಾರಣ? ಹೇಳಿ ನೋಡೋಣ!"

ತಿರುಮಲೇಶ ತಲೆ ಕೆರೆದುಕೊಂಡ. ಸೆಕ್ರೆಟರಿ ಗೆದ್ದವರಂತೆ ಅವನ ಬೆನ್ನು ತಟ್ಟಿ ಕಳಿಸಿದರು.

ಮರುವಾರ ಮೆಕ್ಯಾನಿಕ್ ಬಂದು ಜಾಲರಿಯ ಸ್ಪ್ರಿಂಗು ಬದಲಾಯಿಸಿದ. ಆಮೇಲೆ ಲಿಫ್ಟು ಒಂದು ಸಲವೂ ನಿಲ್ಲಲಿಲ್ಲ. ಮೂರನೇ ಟ್ರಿಪ್ಪಿನಲ್ಲಿ ಯಾರೂ ಹೋಗದೆ ಇರುವುದರಿಂದಲೇ ಅದು ನಿಲ್ಲುತ್ತಿಲ್ಲವೆಂದು ಕಟ್ಟಡದವರು ತಿಳಿದರು. ಈ ವಾದವನ್ನು ಮುರಿಯುವುದು ತಿರುಮಲೇಶನಿಂದಂತೂ ಸಾಧ್ಯವಾಗಲಿಲ್ಲ. ಒಂದೆರಡು ಸಲ ಪ್ರಯತ್ನಿಸಿ, ಸುಸ್ತಾಗಿ ಸುಮ್ಮನಾದ.

ಅಕ್ಕ ಊರಿಗೆ ಹೋದ ಮೇಲೆ ಒಂದು ಸಂಜೆ. ಬಸ್ಸಿನಲ್ಲಿ ಯಾರದೋ ಮೊಣಕೈ ಪಕ್ಕೆಯಲ್ಲಿಟ್ಟುಕೊಂಡು ಗಿಂಡಿಯಿಂದ ಬಂದ ತಿರುಮಲೇಶ ಲಿಫ್ಟಿನ ಮುಂದೆ ನಿಂತ. ಆಗಲೇ ಸಾಕಷ್ಟು ಜನ ಕಾಯುತ್ತಿದ್ದರು. ಮಾಮಿ ಅಳಿಯನ ಜಾತಕ ಹೊರತೆಗೆದರು. ವಿಷ್ಣುತೀರ್ಥರು ಮೋಟಾರಿನ ಪ್ರಸ್ತಾಪ ಎತ್ತಿದರು.

"ಮೂರನೇದು ಸಾರ್," ಎಂದು ಏಳುಮಲೈ ಹೊಸ ತೆಂಗಿನಕಾಯಿ ಕೈಯಲ್ಲಿ ಹಿಡಿದು ಎಚ್ಚರಿಸಿದ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು.

ತಿರುಮಲೇಶ ಖಾಲಿ ಲಿಫ್ಟನ್ನು ನೋಡಿದ. ಜನರನ್ನು ನೋಡಿದ. ಆಮೇಲೆ ಒಳಗೆ ಕಾಲಿಟ್ಟು ಜಾಲರಿ ಎಳೆದುಕೊಂಡ. ಹೊರಗೆ ಎಲ್ಲರೂ ಯುದ್ಧಕ್ಕೆ ಹೊರಟವನನ್ನು ನೋಡುವಂತೆ ನೋಡುತ್ತಿದ್ದರು. ಮಾಮಿ ಕೈಯೆತ್ತಿ ಹರಸಿದರು.

ಒಂದನೇ ಮಹಡಿ ದಾಟಿತು, ಎರಡನೆಯದು ದಾಟಿತು. ತಲೆಯ ಮೇಲೆ ಪುಟ್ಟ ಫ್ಯಾನು ತಿರುಗುತ್ತಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ. ಅವನು ಚೀಲ ಕೆಳಗಿಟ್ಟ, ಷೂ ಬಿಚ್ಚಿದ. ಮೂರನೇ ಮಹಡಿಯೂ ಬಂತು. ತಿರುಮಲೇಶ ಇಳಿಯಲಿಲ್ಲ. ನಾಲ್ಕಕ್ಕೆ ಹೋಗಿ, ಅಲ್ಲಿ ಲಿಫ್ಟು ನಿಂತ ಮೇಲೆ ಜಾಲರಿಯನ್ನು ಚೂರು ಸರಿಸಿಟ್ಟು, ಒಳಗೇ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕಾಲು ಚಾಚಿ ಕೂತ.

ಸ್ವಲ್ಪ ಹೊತ್ತಾದ ಮೇಲೆ ಕೆಳಗಿನಿಂದ ಏಳುಮಲೈಯ ಗಾಬರಿಯ ಕೂಗು ಬಂತು: "ಸಾರ್! ಮಾಟಿಕ್ಕಿಚ್ಚಾ ಸಾರ್?"

ತಿರುಮಲೇಶ ಕಣ್ಣು ತೆರೆಯದೆ ಕೂಗಿ ಹೇಳಿದ: "ಆಮಾ ಪಾ, ಹೌದು, ಸಿಕ್ಕಿಕೊಂಡಿದೆ. ಅವಸರ ಏನಿಲ್ಲ."